ಬೆಳಗಿನ ಹಾಲು ಹಾಕಿ ಜಾನಪದ ಲೋಕಕ್ಕೆ



ಬೇಸಿಗೆ ರಜೆ ಮಕ್ಕಳಿಗೆ ಮಾತ್ರ, ಹಸು ಕಟ್ಟಿದವರಿಗಲ್ಲ. ಹೊಸಕೆರೆಹಳ್ಳಿಯಲ್ಲಿ ಕಟ್ಟಡಗಳ ಸಂದಿಯಲ್ಲೇ ಎರಡು ಮೂರು ಹಸು ಇಟ್ಟುಕೊಂಡಿರುವ ಮನೆಗಳಲ್ಲಿ ಹೆಣ್ಣುಮಕ್ಕಳು ಹೇಳುವ ಮಾತು ಒಂದೇ: "ಎಲ್ಲಿಗೆ ಹೋಗೋದು ಡಾಕ್ಟ್ರೇ, ಸಂಜೆ ಹಾಲು ಕರೆಯೋರು ಯಾರು?"

ಸಂಜೆಯೊಳಗೆ ವಾಪಸು ಬರುವಂಥ ಜಾಗ ಒಂದಿದೆ, ರಾಮನಗರದ ಜಾನಪದ ಲೋಕ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಏಳೂವರೆಗೆ ಹೊರಟರೆ ನಾಲ್ಕು ಗಂಟೆಗೆ ಮನೆ ಸೇರಬಹುದು. ನಾಯಂಡಹಳ್ಳಿ, ಕೆಂಗೇರಿ, ಬಿಡದಿ ದಾರಿ. ಬಿಡದಿ ದಾಟಿದ ಮೇಲೆ ಬೈಪಾಸ್ ಹತ್ತಬೇಡಿ. ಜಾನಪದ ಲೋಕ ಇರುವುದು ರಾಮನಗರ ದಾಟಿ ಚನ್ನಪಟ್ಟಣಕ್ಕೆ ಹೋಗುವ ಹಳೇ ರಸ್ತೆಯಲ್ಲಿ. ಮಂಗಳವಾರ ರಜೆ.

ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು ಹಳ್ಳಿ ಹಳ್ಳಿಯ ಹಾಡು, ಕಥೆ, ಸಾಮಾನು ಕಲೆಹಾಕಿ 1994ರಲ್ಲಿ ಇದನ್ನು ತೆರೆದರು. ಸುಮಾರು 15 ಎಕರೆ ಜಾಗ, ಮರದ ನೆರಳು, ಒಳಗೇ ಒಂದು ಪುಟ್ಟ ಕೆರೆ. ಮಕ್ಕಳು ತೊಗಲುಗೊಂಬೆ, ಯಕ್ಷಗಾನದ ವೇಷಗಳ ಮುಂದೆಯೇ ನಿಂತುಬಿಡುತ್ತಾರೆ, ನಿಲ್ಲಲಿ. ನೀವು ಮಾತ್ರ ಅಜ್ಜಿಯನ್ನು ಲೋಕಮಾತಾ ಮಂದಿರಕ್ಕೆ ಕರೆದುಕೊಂಡು ಹೋಗಿ. ಅಲ್ಲಿರುವುದು ಹಳೇ ಮನೆಗಳ ದಿನಬಳಕೆಯ ಸಾಮಾನು. ಯಾವುದರಲ್ಲಿ ಕಾಳು ಅಳೆಯುತ್ತಿದ್ದರು, ಬೆಕ್ಕಿಗೆ ಸಿಗದಂತೆ ಮೊಸರಿನ ಗಡಿಗೆಯನ್ನು ನೆಲುವಿನಲ್ಲಿ ಹೇಗೆ ತೂಗುಹಾಕುತ್ತಿದ್ದರು ಎಂದು ಮೊಮ್ಮಕ್ಕಳಿಗೆ ಅವರೇ ಹೇಳಲಿ. ಅದರ ಮುಂದೆ ಗೋಡೆಯ ಫಲಕ ಏನೂ ಅಲ್ಲ. ಬುತ್ತಿ ಕಟ್ಟಿಕೊಂಡು ಹೋಗುವುದು ಒಳ್ಳೆಯದು.

ಇನ್ನು ಕೊಟ್ಟಿಗೆ ವಿಚಾರ. ಬಿಸಿಲಿನಲ್ಲಿ ಹಾಲು ಕರೆಯುವ ಮಿಶ್ರತಳಿ ಹಸುವಿಗೆ ದಿನಕ್ಕೆ 80 ಲೀಟರ್‌ಗಿಂತಲೂ ಹೆಚ್ಚು ನೀರು ಬೇಕಾಗಬಹುದು. ಒಂದು ಬಕೆಟ್ ಇಟ್ಟು ಹೊರಟರೆ ಹತ್ತು ಗಂಟೆಗೇ ಖಾಲಿ, ಸಂಜೆ ಹಾಲೂ ಇಳಿದಿರುತ್ತದೆ. ತೊಟ್ಟಿ ತುಂಬಿಸಿ, ಹಗ್ಗ ಅಲ್ಲಿಯವರೆಗೆ ಎಟುಕುತ್ತದೆಯೇ ನೋಡಿ. ಸಿಮೆಂಟ್ ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ. ಹಿಂಡಿ, ಬೂಸಾ ಬೆಳಿಗ್ಗೆ ಸಂಜೆಯ ತಂಪಿನಲ್ಲೇ ಕೊಡಿ.

ಮಧ್ಯಾಹ್ನ ನೀರು ತುಂಬಿಸಿ, ಹಸುವಿನ ಮೈಮೇಲೆ ಎರಡು ಬಕೆಟ್ ನೀರು ಹುಯ್ಯಲು ಪಕ್ಕದ ಮನೆಯವರಿಗೆ ಹೇಳಿ. ಹಸು ಬಾಯಿ ತೆರೆದು ಏದುಸಿರು ಬಿಡುತ್ತಾ ಜೊಲ್ಲು ಸುರಿಸಿದರೆ ನಿಮಗೂ ನಮಗೂ ಫೋನ್ ಮಾಡಲಿ. ಆದರೆ ಪ್ರೀತಿಯಿಂದ ಉಳಿದ ಅನ್ನ, ಮುದ್ದೆ ಸುರಿಯುವುದು ಬೇಡ ಎಂದು ಬಾಯಿಬಿಟ್ಟು ಹೇಳಲೇಬೇಕು. ನಗರದ ಹಸುಗಳಲ್ಲಿ ನಾನು ನೋಡುವ ಹೊಟ್ಟೆಯುಬ್ಬರ, ಆಮ್ಲತೆಗೆ ಮದುವೆ ಮನೆ, ಹೋಟೆಲಿನ ಅನ್ನವೇ ಎಷ್ಟೋ ಸಲ ಕಾರಣ. ಒಂದೇ ಸಲ ಹೆಚ್ಚು ತಿಂದರೆ ಹಸು ಜೀವಕ್ಕೇ ಕುತ್ತು.

ಕರು ಹಾಕುವ ದಿನ ಹತ್ತಿರವಿದ್ದರೆ, ಹಾಕಿ ಮೂರು ದಿನ ಆಗಿರದಿದ್ದರೆ ಮನೆಯವರಲ್ಲಿ ಒಬ್ಬರು ಉಳಿಯಿರಿ. ಹೊರಡುವ ಬೆಳಿಗ್ಗೆಯೇ ಹಸು ಬೆದೆಗೆ ಬಂತೆಂದು ಪ್ರವಾಸ ನಿಲ್ಲಿಸಬೇಡಿ. ಬೆಳಿಗ್ಗೆಯ ಬೆದೆಗೆ ಸಂಜೆ ಕೃತಕ ಗರ್ಭಧಾರಣೆ ಮಾಡಿಸುವುದೇ ಸರಿಯಾದ ಹೊತ್ತು. ಹೊರಡುವ ಮುಂಚೆ ಕಾರ್ಯಕರ್ತರಿಗೆ ತಿಳಿಸಿದ್ದರೆ ಆಯಿತು.