ಹುಣಸೆ ಬೀಜದಿಂದ ಎದ್ದುಬಂದ ಮಹಿಷಾಸುರ

ಏಪ್ರಿಲ್ ತಿಂಗಳಲ್ಲಿ ಪುತ್ತೂರಿನ ಮಹಾಲಿಂಗೇಶ್ವರ ದೇವರ ಜಾತ್ರೆಗೆ ಮಕ್ಕಳನ್ನು ಕರೆದುಕೊಂಡು ಹೋದ ತಾಯಂದಿರಿಗೆಲ್ಲ ಇದು ಗೊತ್ತಿರುವ ಸಂಗತಿ. ನೀವು ಬಳೆಯಂಗಡಿಯ ಮುಂದೆ ನಿಂತಿರುತ್ತೀರಿ; ಮಗ ಮಾತ್ರ ಆಟಿಕೆಯಂಗಡಿಯ ಮುಂದೆ ಬೇರು ಬಿಟ್ಟಿರುತ್ತಾನೆ. "ಅಮ್ಮಾ, ನಂಗೆ ಅದೇ ಬೇಕು!" ಅದು ಎಂದರೆ ಉಬ್ಬಿದ ಎದೆಯ, ಕೈಯಲ್ಲಿ ಕತ್ತಿ ಹಿಡಿದ ಪ್ಲಾಸ್ಟಿಕ್ ವೀರ. ಕೊಡಿಸಿದಿರೋ, ಕೊಯಿಲಕ್ಕೆ ಬರುವ ಬಸ್ಸು ಉಪ್ಪಿನಂಗಡಿ ದಾಟುವ ಮೊದಲೇ ವೀರನ ಒಂದು ಕೈ ಕಳಚಿರುತ್ತದೆ!

ಇಂಥ ವೀರನನ್ನು ಮನೆಯಲ್ಲೇ, ಹಳೇ ಪೇಪರು ಮತ್ತು ಬಿಸಾಡುವ ಹುಣಸೆ ಬೀಜದಿಂದ ಮಾಡಬಹುದೆಂದರೆ ನಂಬುತ್ತೀರಾ? ಖಂಡಿತ ಮಾಡಬಹುದು. ಅಂಗಡಿಯ ಗೊಂಬೆ ತನ್ನ ಕಥೆಯನ್ನು ಟಿ.ವಿ.ಯಿಂದ ತಂದಿರುತ್ತದೆ. ಮನೆಯಲ್ಲಿ ಮಾಡಿದ್ದಕ್ಕೆ ಕಥೆ ಹೇಳಬೇಕಾದವರು ನೀವು, ಮುಂದುವರಿಸಬೇಕಾದವನು ಮಗು. ಅದೇ ದೊಡ್ಡ ಲಾಭ.

ಗಂಡುಮಗುವಿಗೆ ಗೊಂಬೆಯೇ?

ಹೀಗೆಂದು ಅತ್ತೆಯವರು ಮೂಗು ಮುರಿದಾರು. ಈ ಸಂಕೋಚ ನಮ್ಮಲ್ಲಿ ಮಾತ್ರವಲ್ಲ. 1964ರಲ್ಲಿ ಅಮೆರಿಕದ ಹ್ಯಾಸ್‌ಬ್ರೋ ಕಂಪನಿ 'ಜಿ.ಐ. ಜೋ' ಎಂಬ, ಸುಮಾರು ಒಂದಡಿ ಎತ್ತರದ ಸೈನಿಕನ ಗೊಂಬೆಯನ್ನು ಮಾರುಕಟ್ಟೆಗೆ ತಂದಿತು. ಗೊಂಬೆ ಎಂದರೆ ಹುಡುಗರು ಮುಟ್ಟಲಾರರೆಂಬ ಭಯದಿಂದ 'ಆಕ್ಷನ್ ಫಿಗರ್' ಎಂಬ ಹೊಸ ಹೆಸರಿಟ್ಟರು. ಹೆಸರು ಬದಲಾಯಿತು, ಗೊಂಬೆ ಗೊಂಬೆಯಾಗಿಯೇ ಉಳಿಯಿತು! ಆಮೇಲೆ 1978ರಲ್ಲಿ 'ಸ್ಟಾರ್ ವಾರ್ಸ್' ಸಿನಿಮಾದ ಪುಟ್ಟ ಗೊಂಬೆಗಳು, 1982ರಲ್ಲಿ 'ಹೀ-ಮ್ಯಾನ್' ಬಂದವು. ಲಕ್ಷಗಟ್ಟಲೆ ಅಚ್ಚಾಗುತ್ತಿದ್ದ ಆ ವೀರರಲ್ಲೂ ಮೊದಲನೆಯವನನ್ನು ಒಬ್ಬ ಶಿಲ್ಪಿ ಜೇಡಿಯಲ್ಲೋ ಮೇಣದಲ್ಲೋ ಕೈಯಿಂದಲೇ ತಿದ್ದಬೇಕಿತ್ತು. ಈಗ ಕಂಪ್ಯೂಟರಿನಲ್ಲೂ ತಿದ್ದುತ್ತಾರೆ.

ನಮ್ಮ ಕರಾವಳಿಯ ಗಂಡಸರಿಗೆ ಆ ನಾಚಿಕೆ ಎಂದೂ ಇರಲಿಲ್ಲ ನೋಡಿ. ಕುಂದಾಪುರದ ಹತ್ತಿರದ ಉಪ್ಪಿನಕುದ್ರುವಿನ ಕಾಮತರ ಮನೆತನ ತಲೆತಲಾಂತರದಿಂದ ಮರದ ಯಕ್ಷಗಾನ ಗೊಂಬೆಗಳನ್ನು ಸೂತ್ರದಲ್ಲಿ ಕುಣಿಸುತ್ತ ಬಂದಿದೆ. ಕಾಸರಗೋಡಿನಲ್ಲೂ ಯಕ್ಷಗಾನ ಬೊಂಬೆಯಾಟದ ತಂಡವುಂಟು.

ಕಿನ್ನಾಳದ ಗುಟ್ಟು

ಕೊಪ್ಪಳದ ಹತ್ತಿರದ ಕಿನ್ನಾಳದ ಚಿತ್ರಗಾರರ ಕೆಲಸವನ್ನು ಕೇಳಿದರೆ ನಿಮಗೆ ಅಡುಗೆಮನೆಯೇ ನೆನಪಾದೀತು. ಅವರು ಹಗುರ ಮರದಲ್ಲಿ ಗೊಂಬೆಯ ಭಾಗಗಳನ್ನು ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಜೋಡಿಸುತ್ತಾರೆ. ನೆನೆಸಿದ ಗೋಣಿಯ ಚೂರುಗಳನ್ನು ಒಣಗಿಸಿ ಪುಡಿ ಮಾಡಿ, ಮರದ ಹೊಟ್ಟು ಮತ್ತು ಅದೇ ಅಂಟು ಸೇರಿಸಿದರೆ 'ಕಿಟ್ಟ' ಸಿದ್ಧ. ಇದನ್ನು ಗೊಂಬೆಗೆಲ್ಲ ಮೆತ್ತಿ, ಮೇಲೆ ಹತ್ತಿಬಟ್ಟೆಯ ತುಂಡು ಅಂಟಿಸಿ, ಕಲ್ಲುಪುಡಿಯ ಲೇಪ ಕೊಟ್ಟು ಬಣ್ಣ ಹಚ್ಚುತ್ತಾರೆ. ಮೈಮೇಲಿನ ಒಡವೆಗಳೂ ಕಲ್ಲುಪುಡಿ ಮತ್ತು ಗೋಂದಿನ ಲೇಪದಲ್ಲಿ ಉಬ್ಬಿ ಬರುತ್ತವೆ.

ನಮ್ಮ ತೆಂಕುತಿಟ್ಟಿನ ಚೌಕಿಯಲ್ಲಿಯೂ ಇಂಥದೇ ಕೆಲಸ. ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚುಟ್ಟಿ ಇಡುತ್ತ ಗಂಟೆಗಟ್ಟಲೆ ಕೂರುತ್ತಾರಲ್ಲ, ಅದು ಮುಖದ ಮೇಲಿನ ಶಿಲ್ಪವಲ್ಲದೆ ಮತ್ತೇನು?

ಯಾರನ್ನು ಮಾಡಬೇಕು?

ಒಂದು ಸೂಕ್ಷ್ಮ ಮಾತು. ನಮ್ಮ ನೆಲದ ವೀರರೆಂದರೆ ಮೊದಲು ನೆನಪಾಗುವವರು ಪಡುಮಲೆಯಲ್ಲಿ ಹುಟ್ಟಿ ಎಣ್ಮೂರಿನಲ್ಲಿ ಮಡಿದ ಕೋಟಿ-ಚೆನ್ನಯರು. ಆದರೆ ಅವರು ಗರಡಿಗಳಲ್ಲಿ ಪೂಜೆಗೊಳ್ಳುವವರು. ನಾವು ಕೈಮುಗಿಯುವ ಮೂರ್ತಿ ಆಟದ ಬುಟ್ಟಿಯಲ್ಲಿ ಕಾಲು ಮುರಿದುಕೊಂಡು ಬಿದ್ದಿರುವುದು ಯಾರ ಮನಸ್ಸಿಗೂ ಹಿತವಲ್ಲ. ದೈವ-ದೇವರುಗಳನ್ನು ಆಟಿಕೆ ಮಾಡುವುದು ಬೇಡ. ಅವರ ಕಥೆಯನ್ನು ಮಾತ್ರ ಧಾರಾಳವಾಗಿ ಹೇಳಿ.

ಆಟಕ್ಕೆ ರಾಕ್ಷಸರಿದ್ದಾರಲ್ಲ! 'ದೇವಿ ಮಹಾತ್ಮೆ' ಆಟದಲ್ಲಿ ದೊಂದಿಯ ಬೆಳಕಿನಲ್ಲಿ ಜನರ ನಡುವಿನಿಂದಲೇ ಅಬ್ಬರಿಸಿ ಬರುವ ಮಹಿಷಾಸುರನನ್ನು ನೋಡಿ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳದ ಮಗುವುಂಟೇ? ಅವನಿಂದಲೇ ಸುರು ಮಾಡೋಣ. ರಾತ್ರಿ ಹೆದರಿಸಿದವನು ಬೆಳಿಗ್ಗೆ ಅಂಗೈಯಲ್ಲಿ ನಿಂತರೆ ಮಗುವಿನ ಹೆದರಿಕೆಯೂ ಅರ್ಧ ಇಳಿಯುತ್ತದೆ.

ಬೇಕಾಗುವ ಸಾಮಗ್ರಿ

ಹಳೇ ಪೇಪರು 10 ಹಾಳೆ, ಹುಣಸೆ ಬೀಜ 1 ಕುಡ್ತೆ, ಸಲಾಕೆ ಕಟ್ಟುವ ಮೆತ್ತನೆ ತಂತಿ, ಅಂಗೈಯಗಲದ ಹಲಗೆ ತುಂಡು, ಸಣ್ಣ ಮೊಳೆಗಳು, ನೂಲು, ಚಾಕ್ ಪುಡಿ, ಸ್ಯಾಂಡ್ ಪೇಪರ್, ಪೋಸ್ಟರ್ ಬಣ್ಣ.

ಮಾಡುವ ವಿಧಾನ

ಹುಣಸೆ ಬೀಜವನ್ನು ಹುರಿದು, ಕುಟ್ಟಿ ಸಿಪ್ಪೆ ತೆಗೆದು, ರಾತ್ರಿ ನೆನೆಸಿ ನುಣ್ಣಗೆ ಕಡೆಯಿರಿ. ನಾಲ್ಕು ಪಾಲು ನೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ ದಪ್ಪ ಗಂಜಿಯಂತೆ ಕಾಯಿಸಿರಿ. ಪೇಪರನ್ನು ಚೂರು ಮಾಡಿ ಎರಡು ದಿನ ನೆನೆಸಿ, ತುಂಬ ನೀರು ಹಾಕಿ ಸ್ವಲ್ಪಸ್ವಲ್ಪವೇ ಮಿಕ್ಸಿಯಲ್ಲಿ ತಿರುವಿ, ಬಟ್ಟೆಯಲ್ಲಿ ಹಿಂಡಿ. ಇದಕ್ಕೆ ಅಂಟು ಸೇರಿಸುತ್ತ ಚಪಾತಿ ಹಿಟ್ಟಿನ ಹದಕ್ಕೆ ನಾದಿರಿ.

ಇನ್ನು ಎಲುಬು. ಮಣ್ಣಿನ ಗಣಪತಿ ಕೂತಿರುತ್ತಾನೆ, ಕೈಗಳು ಮೈಗೆ ಹತ್ತಿರ. ಅವನಿಗೆ ತಂತಿ ಬೇಡ. ಕತ್ತಿ ಎತ್ತಿ ನಿಲ್ಲುವವನಿಗೆ ಬೇಕೇ ಬೇಕು. ಆದರೆ ತಂತಿಗೆ ಹಸಿಮಣ್ಣು ಮೆತ್ತಿದರೆ, ಮಣ್ಣು ಒಣಗುತ್ತ ಕುಗ್ಗುತ್ತದೆ, ತಂತಿ ಕುಗ್ಗುವುದಿಲ್ಲ, ಬಿರುಕು ಬಿಡುತ್ತದೆ. ಪೇಪರಿನ ನಾರು ಎಳೆದು ಹಿಡಿಯುವುದರಿಂದ ಬಿರುಕು ಕಡಿಮೆ.

ಒಂಬತ್ತು ಇಂಚಿನ ಗೊಂಬೆಗೆ ತಲೆ ಒಂದೂವರೆ ಇಂಚು ಇರಲಿ, ಅಂದರೆ ಆರು ತಲೆಯ ಎತ್ತರ. ಸಾಮಾನ್ಯ ಮನುಷ್ಯ ಸುಮಾರು ಏಳೂವರೆ ತಲೆ ಎತ್ತರವಿರುತ್ತಾನೆ. ತಲೆ, ಕೈಗಳು ದೊಡ್ಡದಾದಷ್ಟೂ ರಾಕ್ಷಸಕಳೆ. ಎರಡು ಕಾಲಿನ ಮೇಲೂ ಸಮ ಭಾರ ಹಾಕಿ ನಿಲ್ಲಿಸಿದರೆ ಕಂಬವಾದೀತು! ಭಾರ ಒಂದು ಕಾಲಿನ ಮೇಲಿರಲಿ. ಆ ಕಡೆಯ ಸೊಂಟ ಮೇಲೇರಿ, ಭುಜ ಕೆಳಗಿಳಿಯಲಿ. ಆಗ ಗೊಂಬೆಗೆ ಜೀವ ಬರುತ್ತದೆ. ತಂತಿಯ ತುದಿಗಳನ್ನು ಒಳಕ್ಕೆ ಮಡಚಿ, ಪಾದಗಳನ್ನು ಹಲಗೆಗೆ ಬಿಗಿದು, ಎದೆ-ಹೊಟ್ಟೆಗೆ ಪೇಪರಿನ ಉಂಡೆ ಇಟ್ಟು ನೂಲು ಸುತ್ತಿರಿ.

ಈಗ ಕಲಸಿದ್ದನ್ನು ತೆಳ್ಳಗೆ ಮೆತ್ತಿ, ಪೂರ್ತಿ ಒಣಗಿದ ಮೇಲೆಯೇ ಮುಂದಿನ ಪದರ ಹಾಕಿ. ಅವಸರ ಮಾಡಿದಿರೋ, ಒಳಗೆ ಬೂಸ್ಟು ಹಿಡಿಯುತ್ತದೆ. ಆಟಿ, ಸೋಣದ ಮಳೆಯಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ನವರಾತ್ರಿ ಕಳೆದ ಮೇಲಿನ ಬಿಸಿಲು ಒಳ್ಳೆಯದು. ಕೋಡು, ಮೂಗು, ಕಿರೀಟ ಕೊನೆಗೆ. ಚಾಕ್ ಪುಡಿಗೆ ಅಂಟು ಕಲಸಿ ಮೈಗೆಲ್ಲ ಸವರಿ, ಒಣಗಿದ ಮೇಲೆ ಉಜ್ಜಿರಿ. ಅದನ್ನೇ ಗಟ್ಟಿಯಾಗಿ ಕಲಸಿ, ಕಡ್ಡಿಯ ತುದಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಇಟ್ಟರೆ ಚುಟ್ಟಿಯೂ ಆಯಿತು, ಒಡವೆಯೂ ಆಯಿತು.

ಎಚ್ಚರಿಕೆ

ಹುಳ ಹಿಡಿಯದಿರಲೆಂದು ತೋಟಕ್ಕೆ ತಂದ ಮೈಲುತುತ್ತವನ್ನು ಅಂಟಿಗೆ ಸೇರಿಸಬೇಡಿ, ಅದು ವಿಷ. ಬಾಯಿಗೆ ಹಾಕುವ ಕೂಸಿನ ಕೈಗೆ ಈ ಗೊಂಬೆ ಬೇಡ. ಅಂಗಡಿಯದನ್ನು ಕೊಳ್ಳುವುದಾದರೆ ಐ.ಎಸ್.ಐ. ಗುರುತು ನೋಡಿ ಕೊಳ್ಳಿ. 2021ರ ಜನವರಿಯಿಂದ ಆಟಿಕೆಗಳಿಗೆ ಅದು ಕಡ್ಡಾಯವಾಗಿದೆ.

ತಂತಿ ಕತ್ತರಿಸುವುದು ನಿಮ್ಮ ಕೆಲಸ, ಪೇಪರು ಹರಿಯುವುದು ಮತ್ತು ಬಣ್ಣ ಬಳಿಯುವುದು ಮಕ್ಕಳದು. ಮಗಳನ್ನೂ ಕರೆಯಿರಿ, ರಾಕ್ಷಸನ ಮೀಸೆ ತಿದ್ದುವುದರಲ್ಲಿ ಅವಳೇ ಒಂದು ಕೈ ಮೇಲಾದಾಳು. ಮಹಿಷಾಸುರನ ಮುಖ ನೀಲಿಯಾಗಲಿ, ಹಸುರಾಗಲಿ, ತಿದ್ದಲು ಹೋಗಬೇಡಿ. ಒಂದು ಕೋಡು ಸೊಟ್ಟಗಾದರೆ ಅದಕ್ಕೂ ಒಂದು ಯುದ್ಧದ ಕಥೆಯನ್ನು ಅವರೇ ಕಟ್ಟಿ ಹೇಳುತ್ತಾರೆ. ನೀವು ಕಿವಿಗೊಟ್ಟರೆ ಸಾಕು.