ಮಳೆಗಾಲದಲ್ಲಿ ಮೌನವಾಗುವ ಮೈಕು

ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ತಾಳಮದ್ದಳೆಯ ಕಾಲ. ಹೊರಗೆ ಜಡಿಮಳೆ, ಒಳಗೆ ಜಗಲಿಯ ಮೇಲೆ ಭಾಗವತರು, ಮದ್ದಳೆ, ಎದುರುಬದುರು ಕೂತ ಅರ್ಥಧಾರಿಗಳು. ಈಚಿನ ವರ್ಷಗಳಲ್ಲಿ ಅವರ ನಡುವೆ ಒಂದು ಲ್ಯಾಪ್‌ಟಾಪು, ಪುಟ್ಟದೊಂದು ಆಡಿಯೊ ಇಂಟರ್‌ಫೇಸು, ಸ್ಟ್ಯಾಂಡಿಗೇರಿದ ಕಂಡೆನ್ಸರ್ ಮೈಕೂ ಬಂದು ಕೂತಿವೆ. ಒಂದು ಕಾಲಕ್ಕೆ ಘಟ್ಟದ ಮೇಲಿನವರಿಗೆ ದೊಡ್ಡ ಸ್ಟುಡಿಯೊ ಎಂದರೆ 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ. ಇಂದು ಮನೆಯ ಅಟ್ಟವೇ ಸ್ಟುಡಿಯೊ. ಆದರೆ ಧಾರವಾಡದ ಹವೆ ಬೇರೆ, ಇಲ್ಲಿಯದೇ ಬೇರೆ. ಭಾಗವತರು ಗಣಪತಿ ಸ್ತುತಿ ಎತ್ತಿಕೊಂಡಾಗ ಪರದೆಯ ಮೇಲಿನ ಗೆರೆ ಅಲುಗದೆ ನೆಟ್ಟಗೆ ಮಲಗಿದ್ದರೆ, ಮೈಕು ಸತ್ತಿತು ಎಂದು ಬಿಸಾಡುವ ಮೊದಲು ಅದರ ಹೊಟ್ಟೆಯಲ್ಲಿ ಏನಿದೆ ಎಂದು ತಿಳಿಯುವುದು ಒಳ್ಳೆಯದು.

ದೇವಸ್ಥಾನದಲ್ಲಿ, ಆಟದ ರಂಗಸ್ಥಳದಲ್ಲಿ ಕೈಯಲ್ಲಿ ಹಿಡಿಯುವುದು ಡೈನಾಮಿಕ್ ಮೈಕು. ಅಯಸ್ಕಾಂತದ ಸಂದಿನಲ್ಲಿ ತಂತಿಯ ಸುರುಳಿಯೊಂದು ದನಿಗೆ ತಕ್ಕಂತೆ ಅಲುಗಿ ತಾನೇ ವಿದ್ಯುತ್ತು ಹುಟ್ಟಿಸುತ್ತದೆ. ಅದಕ್ಕೆ ಯಾರ ಹಂಗೂ ಬೇಡ. ಕಂಡೆನ್ಸರ್ ಮೈಕಿನ ರೀತಿ ಬೇರೆ. 1916ರಲ್ಲಿ ಅಮೆರಿಕದ ಇ.ಸಿ. ವೆಂಟ್ ರೂಪಿಸಿದ ಉಪಾಯ ಇಂದಿಗೂ ಅದೇ: ಲೋಹದ ಒಂದು ತಟ್ಟೆ, ಅದರೆದುರು ಕೂದಲೆಳೆಗಿಂತ ಕಿರಿದಾದ ಸಂದು ಬಿಟ್ಟು ಮದ್ದಳೆಯ ಮುಚ್ಚಿಗೆಯಂತೆ ಬಿಗಿದ ತೆಳುಪೊರೆ. ಸ್ಟುಡಿಯೊ ಮೈಕುಗಳಲ್ಲಿ ಈ ಪೊರೆ ಸಾಮಾನ್ಯವಾಗಿ ಚಿನ್ನ ಲೇಪಿಸಿದ ಪ್ಲಾಸ್ಟಿಕ್ಕು, ದಪ್ಪ ಸುಮಾರು 6 ಮೈಕ್ರಾನ್. ಎರಡರ ನಡುವೆ ವಿದ್ಯುದಾವೇಶ ತುಂಬಿಟ್ಟರೆ, ದನಿ ತಾಗಿ ಪೊರೆ ಕಂಪಿಸಿದಾಗ ಸಂದು ಹಿಗ್ಗಿ ಕುಗ್ಗಿ ವೋಲ್ಟೇಜು ಏರಿಳಿಯುತ್ತದೆ. ಆ ಏರಿಳಿತವೇ ನಮ್ಮ ದನಿಯ ಪಡಿಯಚ್ಚು.

ಇಷ್ಟು ನಡೆಯಬೇಕಾದರೆ ಮೈಕಿಗೆ ಹೊರಗಿನಿಂದ ವಿದ್ಯುತ್ತು ಬೇಕು. ಅದು ದನಿ ಬರುವ ಕೇಬಲ್ಲಿನಲ್ಲೇ ಎದುರು ದಿಕ್ಕಿನಿಂದ ಹೋಗುತ್ತದೆ. ಇದೇ ಫ್ಯಾಂಟಮ್ ಪವರ್, 48 ವೋಲ್ಟು. ಈ 48ರ ಹಿಂದೆ ಕತ್ತಲೆಯ ಕತೆಯೊಂದಿದೆ. 1966ರಲ್ಲಿ ನಾರ್ವೆಯ ಬಾನುಲಿ ಸಂಸ್ಥೆಗೆ ಜರ್ಮನಿಯ ನಾಯ್ಮನ್ ಕಂಪನಿ ಮೈಕು ಒದಗಿಸುವಾಗ, ಚಳಿಗಾಲದಲ್ಲಿ ಬೆಳಕೇ ಕಡಿಮೆಯಾಗುವ ಆ ದೇಶದ ಸ್ಟುಡಿಯೊಗಳಲ್ಲಿ ಹೆಚ್ಚುವರಿ ದೀಪಗಳಿಗಾಗಿ 48 ವೋಲ್ಟಿನ ವ್ಯವಸ್ಥೆ ಮೊದಲೇ ಇತ್ತು. ಅದನ್ನೇ ಮೈಕಿಗೂ ಕೊಟ್ಟರು. ಜಗತ್ತಿಗೆಲ್ಲ ಅದೇ ರೂಢಿಯಾಯಿತು.

ಹಾಗಾಗಿ ದನಿ ಬರದಿದ್ದರೆ ಮೊದಲು ನೋಡಬೇಕಾದದ್ದು ಇಂಟರ್‌ಫೇಸಿನ ಮೇಲಿನ '48ವಿ' ಗುಂಡಿ. ಕರೆಂಟು ಹೋಗಿ ಬಂದಾಗ ಕೆಲವು ಯಂತ್ರಗಳು ಈ ಗುಂಡಿಯನ್ನು ಮರೆತುಬಿಡುತ್ತವೆ; ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಎಷ್ಟು ಸಲ ಹೋಗುತ್ತದೆಂದು ಹೇಳಬೇಕಿಲ್ಲ. ಮೈಕನ್ನು ನೇರವಾಗಿ ಲ್ಯಾಪ್‌ಟಾಪಿನ ಸಣ್ಣ ತೂತಿಗೆ ಸಿಕ್ಕಿಸಿದ್ದರೆ ಅಲ್ಲಿ ಸಿಗುವುದು ಕೆಲವೇ ವೋಲ್ಟು, ಅದು ಸಾಲದು. ಗುಂಡಿ ಸರಿಯಿದ್ದರೆ ಗೇನ್, ಮ್ಯೂಟ್, ಕಂಪ್ಯೂಟರಿನಲ್ಲಿ ಆಯ್ದ ಇನ್‌ಪುಟ್ ನೋಡಿ. ಅಲ್ಲಿಂದ ಮುಂದೆ ಕೇಬಲ್ಲು.

ಕೇಬಲ್ಲನ್ನು ಪರೀಕ್ಷಿಸುವಲ್ಲಿ ಬಹಳ ಜನ ಎಡವುತ್ತಾರೆ. ಆ ಕೇಬಲ್ಲಿಗೆ ಡೈನಾಮಿಕ್ ಮೈಕು ಹಾಕಿ ನೋಡುತ್ತಾರೆ, ಅದು ಮಾತಾಡುತ್ತದೆ, 'ಕೇಬಲ್ ಸರಿಯಿದೆ, ಕಂಡೆನ್ಸರೇ ಹೋಗಿದೆ' ಎಂದು ತೀರ್ಮಾನಿಸುತ್ತಾರೆ. ಈ ತೀರ್ಮಾನ ತಪ್ಪಾಗಬಹುದು. ಕೇಬಲ್ಲಿನಲ್ಲಿ ಮೂರು ಪಿನ್ನುಗಳಿವೆ. ದನಿ ಸಾಗುವುದು 2 ಮತ್ತು 3ರ ನಡುವೆ. 48 ವೋಲ್ಟು ಈ ಎರಡರಲ್ಲೂ ಹೋಗಿ 1ನೇ ಪಿನ್ನಿನ ಜಾಲರಿ ತಂತಿಯಲ್ಲಿ ಹಿಂದಿರುಗುತ್ತದೆ. 1ರ ಬೆಸುಗೆ ಬಿಟ್ಟಿದ್ದರೆ ಡೈನಾಮಿಕ್ ಮೈಕು ಸ್ವಲ್ಪ ಗುಂಯ್‌ಗುಟ್ಟುತ್ತಲಾದರೂ ಕೆಲಸ ಮಾಡುತ್ತದೆ, ಕಂಡೆನ್ಸರ್ ಮಾತ್ರ ಉಪವಾಸ ಬೀಳುತ್ತದೆ. ಮಲ್ಟಿಮೀಟರನ್ನು ಡಿ.ಸಿ.ಗೆ ಇಟ್ಟು, ಕೇಬಲ್ಲಿನ ಮೈಕಿನ ಕಡೆಯ ತುದಿಯಲ್ಲಿ 1 ಮತ್ತು 2, 1 ಮತ್ತು 3ರ ನಡುವೆ ಅಳೆಯಿರಿ. ಎರಡೂ ಕಡೆ 44ರಿಂದ 52ರೊಳಗೆ, ಹೆಚ್ಚುಕಡಿಮೆ ಸಮನಾಗಿ ಬರಬೇಕು. ಒಂದು ಕಡೆ ಸೊನ್ನೆಯಾದರೆ ಆ ಪಿನ್ನಿನ ದಾರಿಯಲ್ಲಿ ತೊಡಕಿದೆ. ಮಳೆನಾಡಿನಲ್ಲಿ ಪಿನ್ನಿಗೆ ಕಿಲುಬು ಹಿಡಿಯುವುದು ಮಾಮೂಲು. ಬಳಸದೆ ಬಿಟ್ಟ ಸಾಕೆಟ್ಟಿನ ತೂತಿಗೆ ಕುಂಬಾರ ಹುಳ ಮಣ್ಣು ಮೆತ್ತಿಬಿಡುವುದೂ ಉಂಟು. ಟಾರ್ಚು ಹಿಡಿದು ನೋಡಿ.

ಇದೆಲ್ಲ ಸರಿಯಿದ್ದೂ ಮೈಕು ಸುಮ್ಮನಿದ್ದರೆ, ಅಥವಾ ಮೊದಲು ಚಟಪಟ ಸಿಡಿದು ಆಮೇಲೆ ದನಿ ಕುಗ್ಗುತ್ತ ಹೋಗಿದ್ದರೆ, ಅಪರಾಧಿ ಬಹುಮಟ್ಟಿಗೆ ತೇವ. ಪೊರೆಯ ಮೇಲಿನ ಆವೇಶ ಸೋರಿ ಹೋಗಬಾರದೆಂದು ಒಳಗೆ ಸುಮಾರು 100 ಕೋಟಿ ಓಮ್ ರೋಧಕ ಇಟ್ಟಿರುತ್ತಾರೆ. ಅಷ್ಟು ಬಿಗಿಯಾದ ಕಾವಲನ್ನು ಕಣ್ಣಿಗೆ ಕಾಣದ ನೀರಿನ ಪಸೆಯೊಂದು ಮುರಿಯಬಲ್ಲದು. ಪೊರೆಯ ಅಂಚಿನ ನಿರೋಧಕದ ಮೇಲೆ ತೇವ, ಅದಕ್ಕೆ ಅಂಟಿದ ಧೂಳು, ಒಲೆಯ ಹೊಗೆಯ ಮಸಿ ಸೇರಿದರೆ ಆವೇಶಕ್ಕೆ ಕಳ್ಳದಾರಿ ಸಿಕ್ಕಿತು. ಆವೇಶವಿರುವ ಪೊರೆ ಧೂಳನ್ನು ತಾನೇ ಸೆಳೆದುಕೊಳ್ಳುತ್ತದೆ ಬೇರೆ. ವರ್ಷಕ್ಕೆ 2000 ಮಿ.ಮೀ. ದಾಟಿ ಮಳೆ ಸುರಿಯುವ ನಾಡಿನಲ್ಲಿ, ಅಡಿಕೆ ಬೇಯಿಸುವ ಒಲೆಯ ಹೊಗೆ ಏರುವ ಅಟ್ಟದಲ್ಲಿ, ಹೊದಿಕೆಯಿಲ್ಲದೆ ಸ್ಟ್ಯಾಂಡಿನ ಮೇಲೇ ಬಿಟ್ಟ ಮೈಕಿನ ಪಾಡು ಹೀಗಾಗುವುದು ಸಹಜ.

ಹಾಗೆಂದು ಬಚ್ಚಲೊಲೆಯ ಪಕ್ಕ ಇಟ್ಟು ಕಾಯಿಸಬೇಡಿ. ಹೇರ್ ಡ್ರೈಯರ್ ಬಿಸಿಯೂ ಬೇಡ. ಪೊರೆಯ ಬಿಗಿತ ಹೋದರೆ ಮೈಕು ಹೋದಂತೆಯೇ. ಜಾಲರಿ ಬಿಚ್ಚಿ ಹತ್ತಿಯಲ್ಲಿ ಒರೆಸುವ ಸಾಹಸವಂತೂ ಕೂಡದು. ಗಾಳಿಯಾಡದ ಹಪ್ಪಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹರಳಿನ ಚೀಲದೊಂದಿಗೆ ಒಂದೆರಡು ದಿನ ಇಡಿ. ಬರೀ ತೇವವಾಗಿದ್ದರೆ ಮೈಕು ಮತ್ತೆ ಬಾಯಿಬಿಡುವ ಸಾಧ್ಯತೆ ಬಹಳ. ನೀಲಿ ಹರಳು ತೇವ ಕುಡಿದು ಗುಲಾಬಿಯಾಗುತ್ತದೆ, ಹದವಾಗಿ ಬಿಸಿ ಮಾಡಿದರೆ ಮತ್ತೆ ನೀಲಿ. ಅದಕ್ಕೆ ಅಡುಗೆಯ ಪಾತ್ರೆ ಮಾತ್ರ ಬಳಸಬಾರದು, ಆ ಬಣ್ಣ ಕೊಡುವ ಕೋಬಾಲ್ಟ್ ವಿಷಕಾರಿ. ಒಣಗಿದ ಮೇಲೂ ದನಿ ಬರದಿದ್ದರೆ ಬೂಷ್ಟೋ ಮಸಿಯೋ ಅಂಟಿರಬಹುದು, ಒಳಗಿನ ಟ್ರಾನ್ಸಿಸ್ಟರ್ ಹೋಗಿರಬಹುದು. ಅದು ಬಲ್ಲವರ ಕೈಯ ಕೆಲಸ.

ತೇವಕ್ಕೆ ಅಂಜದ ಕಂಡೆನ್ಸರ್ ಮೈಕೂ ಇದೆ. ಸೆನ್‌ಹೈಸರ್ ಕಂಪನಿಯ ಎಂಕೆಎಚ್ ಸರಣಿಯಲ್ಲಿ ಪೊರೆಯನ್ನು ರೇಡಿಯೊ ಆವರ್ತನದ ಮಂಡಲದಲ್ಲಿ ಕೂರಿಸಿರುತ್ತಾರೆ. ಅಲ್ಲಿ 100 ಕೋಟಿ ಓಮ್ ಕಾವಲಿನ ಅಗತ್ಯವೇ ಇಲ್ಲ, ಹೀಗಾಗಿ ಸೋರಿಕೆಯ ಭಯವೂ ಕಡಿಮೆ. ಕಾಡಿನಲ್ಲಿ ಹಕ್ಕಿ, ಕಪ್ಪೆಗಳ ದನಿ ಹಿಡಿಯುವವರು ಇದನ್ನು ಮೆಚ್ಚುವುದು ಅದಕ್ಕೇ. ಬೆಲೆ ಮಾತ್ರ ಊರಿನ ಸಂಘಗಳ ಕೈಗೆಟುಕುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಆಷಾಢದ ತಾಳಮದ್ದಳೆಗೆ ಒಳ್ಳೆಯ ಡೈನಾಮಿಕ್ ಮೈಕು ಧಾರಾಳವಾಗಿ ಸಾಕು. ಅರ್ಥಧಾರಿಯ ಬಾಯಿಗೆ ಗೇಣು ದೂರದಲ್ಲಿಟ್ಟರೆ ಮಾತಿನ ಖದರು ಪೂರ್ತಿ ಬರುತ್ತದೆ, ಹೆಂಚಿನ ಮೇಲಿನ ಮಳೆಯ ಸದ್ದೂ ಅಷ್ಟು ತುಂಬಿಕೊಳ್ಳುವುದಿಲ್ಲ. ಕಂಡೆನ್ಸರನ್ನು ಡಬ್ಬಿಯಲ್ಲೇ ಬಿಟ್ಟು, ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಭಾಗವತರ ಹಾಡಿಕೆಗೆ ಹೊರತೆಗೆಯಿರಿ.