ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು: ಎಂಟು ವರ್ಷವಾದರೆ ಬ್ಯಾಟರಿ ಸತ್ತೇ ಹೋಗುತ್ತದೆಯೇ?

"ಎಂಟು ವರ್ಷ ಆದ್ಮೇಲೆ ಬ್ಯಾಟರಿ ಹೋಗುತ್ತೆ, ಆಮೇಲೆ ಕಾರಿನ ಬೆಲೆಯಷ್ಟೇ ದುಡ್ಡು ಹಾಕಿ ಹೊಸದು ಕೂರಿಸಬೇಕು." ಹಳೆಯ ಎಲೆಕ್ಟ್ರಿಕ್ ಕಾರು ತಗೊಳ್ಳುತ್ತೇನೆ ಎಂದವರಿಗೆ ಮನೆಯಲ್ಲೂ ಆಫೀಸಿನಲ್ಲೂ ಮೊದಲು ಸಿಗುವ ಬುದ್ಧಿಮಾತು ಇದು. ಇದರಲ್ಲಿ ನಿಜವೂ ಇದೆ, ತಪ್ಪೂ ಇದೆ. ಎರಡನ್ನೂ ಬೇರ್ಪಡಿಸಿ ನೋಡದಿದ್ದರೆ ಒಳ್ಳೆಯ ಕಾರು ಕೈತಪ್ಪಬಹುದು, ಇಲ್ಲವೇ ಸೊರಗಿದ ಕಾರಿಗೆ ಲಕ್ಷಗಟ್ಟಲೆ ಸುರಿಯಬೇಕಾಗಬಹುದು.

ಈ ಭಯಕ್ಕೆ ಒಂದು ಇತಿಹಾಸವಿದೆ. 2001ರಲ್ಲಿ ಬೆಂಗಳೂರಿನಲ್ಲಿ ತಯಾರಾಗಿ ರಸ್ತೆಗಿಳಿದ ರೇವಾ ಕಾರಿನಲ್ಲಿ ಇದ್ದದ್ದು ಸೀಸ-ಆಮ್ಲದ ಬ್ಯಾಟರಿಗಳು, ಮನೆಯ ಯುಪಿಎಸ್‌ನಲ್ಲಿ ಇರುವಂಥವೇ. ಕೆಲವೇ ವರ್ಷಗಳಿಗೊಮ್ಮೆ ಅವನ್ನು ಬದಲಿಸಬೇಕಿತ್ತು. ಇಂದಿನ ಕಾರುಗಳ ಲಿಥಿಯಂ-ಅಯಾನ್ ಬ್ಯಾಟರಿಯ ಸ್ವಭಾವ ಬೇರೆ. ಅದು ಸಾಮಾನ್ಯವಾಗಿ ಒಂದು ದಿನ ಹಠಾತ್ತನೆ ಸಾಯುವುದಿಲ್ಲ, ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪ ಸಾಮರ್ಥ್ಯ ಕಳೆದುಕೊಳ್ಳುತ್ತದೆ. ಜಿಯೋಟ್ಯಾಬ್ ಕಂಪನಿ 2024ರಲ್ಲಿ ಸಾವಿರಾರು ವಾಹನಗಳ ಮಾಹಿತಿ ಇಟ್ಟುಕೊಂಡು ಲೆಕ್ಕ ಹಾಕಿದಾಗ ವರ್ಷಕ್ಕೆ ಸರಾಸರಿ ಶೇ. 1.8ರಷ್ಟು ಇಳಿಕೆ ಕಂಡಿತ್ತು. ಆ ಲೆಕ್ಕದಲ್ಲಿ ಎಂಟು ವರ್ಷಕ್ಕೂ ಶೇ. 85ರಷ್ಟು ಉಳಿದಿರುತ್ತದೆ. ಆದರೆ ಇದು ಸರಾಸರಿ. ಬಿಸಿಲು, ಪದೇ ಪದೇ ಫಾಸ್ಟ್ ಚಾರ್ಜಿಂಗ್, ಪೂರ್ತಿ ಚಾರ್ಜ್ ಮಾಡಿ ದಿನಗಟ್ಟಲೆ ನಿಲ್ಲಿಸುವುದು, ಇವೆಲ್ಲ ಇಳಿಕೆಯನ್ನು ಹೆಚ್ಚಿಸುತ್ತವೆ. ಬ್ಯಾಟರಿ ತಣಿಸಲು ದ್ರವದ ವ್ಯವಸ್ಥೆ ಇಲ್ಲದ ನಿಸಾನ್ ಲೀಫ್, ಅಮೆರಿಕದ ಅರಿಜೋನಾದ ಬಿಸಿಲಲ್ಲಿ ಎರಡೇ ವರ್ಷಕ್ಕೆ ಸೊರಗತೊಡಗಿ 2012ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಹಾಗಾಗಿ ಮೈಸೂರಿನಲ್ಲಿ ನೆರಳಲ್ಲಿ ನಿಲ್ಲುತ್ತಿದ್ದ ಕಾರಿಗೂ ಕಲಬುರಗಿಯ ಬಿಸಿಲಲ್ಲಿ ಟ್ಯಾಕ್ಸಿಯಾಗಿ ಓಡಿದ ಕಾರಿಗೂ ಒಂದೇ ಲೆಕ್ಕ ಹಿಡಿಯಬಾರದು.

ಹಾಗಾದರೆ 'ಎಂಟು ವರ್ಷ' ಎಲ್ಲಿಂದ ಬಂತು? ಅದು ವಾರಂಟಿಯ ಅವಧಿ, ಬ್ಯಾಟರಿಯ ಆಯಸ್ಸಲ್ಲ. 2020ರ ಜನವರಿಯಲ್ಲಿ ಬಂದ ಟಾಟಾ ನೆಕ್ಸಾನ್ ಇವಿಯನ್ನೇ ನೋಡಿ. ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅಷ್ಟು ವಾರಂಟಿ. ಅಂದರೆ ಮೊದಲ ಕಾರುಗಳ ವಾರಂಟಿ 2028ಕ್ಕೆ ಮುಗಿಯುತ್ತದೆ. ಮೀಟರ್ ಆಗಲೇ ಒಂದೂವರೆ ಲಕ್ಷ ತೋರಿಸುತ್ತಿದ್ದರೆ ವರ್ಷ ಉಳಿದಿದ್ದೂ ಉಪಯೋಗವಿಲ್ಲ.

ಇಲ್ಲಿ ಅನೇಕರು ಗಮನಿಸದ ಒಂದು ಮಾತಿದೆ. ಸಾಮರ್ಥ್ಯ ಇಳಿದರೆ ಬ್ಯಾಟರಿ ಬದಲಿಸಿಕೊಡುತ್ತೇವೆ ಎನ್ನುವ ವಾರಂಟಿಗಳು ಸಾಮಾನ್ಯವಾಗಿ ಶೇ. 70ರ ಗೆರೆ ಎಳೆದಿರುತ್ತವೆ. ನೀವು ಕೊಂಡ ಕಾರಿನಲ್ಲಿ ಶೇ. 73 ಉಳಿದಿದೆ ಎಂದುಕೊಳ್ಳಿ. ಕಾಲು ಭಾಗಕ್ಕಿಂತ ಹೆಚ್ಚು ದೂರ ಕಳೆದುಕೊಂಡಿದ್ದೀರಿ, ಆದರೂ ಕಂಪನಿ ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ನಮ್ಮ ಪ್ರಕಾರ ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ನಿಜವಾದ ಅಪಾಯ ಇರುವುದು ಈ 70ರಿಂದ 80ರ ನಡುವಿನ ಕಾರುಗಳಲ್ಲಿ. ನೋಡಲು ಹೊಸದರಂತೆಯೇ ಇರುತ್ತವೆ, ಟೆಸ್ಟ್ ಡ್ರೈವ್‌ನಲ್ಲಿ ಏನೂ ಗೊತ್ತಾಗುವುದಿಲ್ಲ.

ಸರ್ವಿಸ್ ಸೆಂಟರ್‌ನಲ್ಲಿ ಬ್ಯಾಟರಿಯ ಆರೋಗ್ಯದ ವರದಿ ಕೇಳಿ. ಅದು ಸಿಗದಿದ್ದರೆ ಮನೆಯಲ್ಲೇ ಅಂದಾಜು ಮಾಡಬಹುದು. ಆ ಮೊದಲ ನೆಕ್ಸಾನ್ ಇವಿಯ ಬ್ಯಾಟರಿ 30.2 ಕಿಲೋವ್ಯಾಟ್ ಅವರ್, ಅಂದರೆ ಕರೆಂಟ್ ಬಿಲ್ಲಿನ ಭಾಷೆಯಲ್ಲಿ 30.2 ಯೂನಿಟ್. ಚಾರ್ಜ್ ಶೇ. 20ಕ್ಕೆ ಇಳಿದಾಗ ಸಾಮಾನ್ಯ ಸಾಕೆಟ್ಟಿಗೆ ಹಾಕಿ ಶೇ. 100 ಆಗುವವರೆಗೆ ಬಿಡಿ. ಬೇರೆ ಸಾಧನಗಳನ್ನು ಆರಿಸಿ ಮನೆಯ ಮೀಟರ್ ನೋಡಿ, ಅಥವಾ ಪ್ಲಗ್‌ಗೆ ಹಾಕುವ ಚಿಕ್ಕ ಮೀಟರ್ ಬಳಸಿ. 22 ಯೂನಿಟ್ ಎಳೆಯಿತು ಎನ್ನಿ. ಚಾರ್ಜಿಂಗ್‌ನಲ್ಲಿ ಹತ್ತನೇ ಒಂದು ಭಾಗ ಬಿಸಿಯಾಗಿ ಪೋಲಾಗುತ್ತದೆ ಎಂದು ಹಿಡಿದರೆ ಒಳಗೆ ಹೋದದ್ದು 19.8. ಇದು ಶೇ. 80 ಭಾಗ, ಹಾಗಾಗಿ ಪೂರ್ತಿ ಸಾಮರ್ಥ್ಯ ಸುಮಾರು 24.8 ಯೂನಿಟ್, ಅಂದರೆ ಹೊಸದರ ಶೇ. 82. ಎರಡು ಮೂರು ಅಂಕ ಹೆಚ್ಚುಕಡಿಮೆ ಆಗಬಹುದು, ಆದರೆ 90ರ ಕಾರನ್ನೂ 70ರ ಕಾರನ್ನೂ ಬೇರೆ ಮಾಡಲು ಇಷ್ಟು ಸಾಕು. ಒಂದು ರಾತ್ರಿ ಚಾರ್ಜ್ ಮಾಡಿ ನೋಡಲು ಮಾರುವವರು ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ಓಡಿಸುವಾಗ ಚಾರ್ಜ್ ಶೇ. 30 ಇದ್ದದ್ದು ಒಮ್ಮೆಲೇ 12ಕ್ಕೆ ಬಿದ್ದರೆ ಅದು ಬೇರೆ ಕಾಯಿಲೆ. ಬ್ಯಾಟರಿಯೊಳಗೆ ಹತ್ತಾರು ಸೆಲ್‌ಗಳು ಸಾಲಾಗಿ ಜೋಡಿಸಿರುತ್ತವೆ. ಪಂಕ್ತಿಯಲ್ಲಿ ಒಬ್ಬ ಹಿರಿಯರು ಎದ್ದರೆ ಉಳಿದವರೂ ಅರ್ಧಕ್ಕೇ ಕೈ ತೊಳೆಯುವಂತೆ, ಒಂದು ದುರ್ಬಲ ಸೆಲ್ ಬರಿದಾದರೆ ಇಡೀ ಸಾಲು ಕೆಲಸ ನಿಲ್ಲಿಸುತ್ತದೆ. ಒಳ್ಳೆಯ ಸುದ್ದಿ ಎಂದರೆ, ಹೀಗಾದಾಗ ಸೆಲ್‌ಗಳ ಸಮತೋಲನ ಸರಿಪಡಿಸಿದರೆ ಅಥವಾ ಒಂದು ಮಾಡ್ಯೂಲ್ ಬದಲಿಸಿದರೆ ಸಾಕಾಗಬಹುದು. ಕೆಟ್ಟ ಸುದ್ದಿ, ಎಲ್ಲ ಕಡೆಯೂ ಅದನ್ನು ಮಾಡಿಕೊಡುವುದಿಲ್ಲ. ಹೊರಗಿನ ಗ್ಯಾರೇಜಿನಲ್ಲಿ ಬ್ಯಾಟರಿ ಬಿಚ್ಚಿಸಿದರೆ ವಾರಂಟಿ ಹೋಗುತ್ತದೆ.

ಪೂರ್ತಿ ಬದಲಿಸಬೇಕಾಗಿ ಬಂದರೆ? ಬ್ಲೂಮ್‌ಬರ್ಗ್‌ಎನ್‌ಇಎಫ್ ಪ್ರಕಾರ 2024ರಲ್ಲಿ ಬ್ಯಾಟರಿ ಪ್ಯಾಕ್‌ನ ಜಾಗತಿಕ ಸರಾಸರಿ ಬೆಲೆ ಯೂನಿಟ್ ಒಂದಕ್ಕೆ 115 ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೆ 30.2 ಯೂನಿಟ್‌ಗೆ ಸುಮಾರು 2.95 ಲಕ್ಷ, ಶೇ. 18 ಜಿಎಸ್‌ಟಿ ಸೇರಿ ಸುಮಾರು 3.5 ಲಕ್ಷ ರೂಪಾಯಿ. ಇದು ಕಂಪನಿಗಳು ಸಗಟಾಗಿ ಕೊಡುವ ಬೆಲೆ. ನಮಗೆ ಸರ್ವಿಸ್ ಸೆಂಟರ್ ಬಿಲ್ ಇದಕ್ಕಿಂತ ಜಾಸ್ತಿಯೇ ಬರುತ್ತದೆ. ಕೊಳ್ಳುವ ಮುನ್ನವೇ ಆ ಮಾದರಿಯ ಬ್ಯಾಟರಿಗೆ ಲಿಖಿತ ಕೊಟೇಶನ್ ಕೇಳಿ ಪಡೆಯಿರಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ತಮಾಷೆ. ಎಲೆಕ್ಟ್ರಿಕ್ ಕಾರು ದಾರಿಯಲ್ಲಿ ನಿಂತಾಗ ಎಷ್ಟೋ ಸಲ ತಪ್ಪು ದೊಡ್ಡ ಬ್ಯಾಟರಿಯದ್ದಲ್ಲ, ಪೆಟ್ರೋಲ್ ಕಾರಿನಲ್ಲಿ ಇರುವಂಥದ್ದೇ 12 ವೋಲ್ಟಿನ ಚಿಕ್ಕ ಬ್ಯಾಟರಿಯದ್ದು. ದೊಡ್ಡ ಬ್ಯಾಟರಿಯನ್ನು ಕಾರಿಗೆ ಜೋಡಿಸುವ ಸ್ವಿಚ್ಚುಗಳಿಗೆ ಶಕ್ತಿ ಕೊಡುವುದು ಇದೇ. ಇದು ಸತ್ತರೆ ಚಾರ್ಜ್ ಶೇ. 90 ಇದ್ದರೂ ಕಾರು ಏಳುವುದಿಲ್ಲ. ಬದಲಿಸಲು ಕೆಲವು ಸಾವಿರ ರೂಪಾಯಿ ಸಾಕು. ಆದರೆ ಹೊಸದು ಹಾಕಿದರೂ ಮತ್ತೆ ಮತ್ತೆ ಸಾಯುತ್ತಿದ್ದರೆ ಅದನ್ನು ಚಾರ್ಜ್ ಮಾಡುವ ಭಾಗವನ್ನು ಅನುಮಾನಿಸಬೇಕು. ಅದು ದುಬಾರಿ. ಹ್ಯುಂಡೈ ಅಯಾನಿಕ್ 5 ಮತ್ತು ಕಿಯಾ ಇವಿ6 ಕಾರುಗಳನ್ನು 2024ರಲ್ಲಿ ಭಾರತದಲ್ಲೂ ವಾಪಸ್ ಕರೆಸಿ ತಪಾಸಣೆ ಮಾಡಿದ್ದು ಇಂಥ ಭಾಗಕ್ಕಾಗಿಯೇ. ಅಂಥ ಕಾರು ನೋಡುತ್ತಿದ್ದರೆ ಆ ಕೆಲಸ ಆಗಿದೆಯೇ ಎಂದು ಸರ್ವಿಸ್ ದಾಖಲೆಯಲ್ಲಿ ನೋಡಿ.

ಉಳಿದದ್ದು ಚಿಕ್ಕದು. ಭಾರ ಮತ್ತು ಎಳೆತ ಹೆಚ್ಚಿರುವುದರಿಂದ ಟೈರ್ ಬೇಗ ಸವೆಯುತ್ತದೆ, ಬ್ರೇಕ್ ಪ್ಯಾಡ್ ಹೆಚ್ಚು ಕಾಲ ಬರುತ್ತದೆ. ಕಾರನ್ನು ಮೇಲೆತ್ತಿಸಿ ಹೊಟ್ಟೆಯ ಭಾಗ ನೋಡುವುದನ್ನು ಮಾತ್ರ ಮರೆಯಬೇಡಿ. ಬ್ಯಾಟರಿ ಇರುವುದು ಅಲ್ಲೇ, ನಮ್ಮ ರಸ್ತೆ ಉಬ್ಬುಗಳಿಗೆ ಮೊದಲು ತಾಗುವುದೂ ಅಲ್ಲೇ.

ಕಾಗದಪತ್ರದಲ್ಲಿ, ವಾರಂಟಿ ಎರಡನೇ ಮಾಲೀಕರಿಗೂ ಸಿಗುತ್ತದೆಯೇ ಎಂದು ಓದಿ. ಮಹೀಂದ್ರಾ ಬಿಇ 6ರ 'ಜೀವಮಾನದ' ಬ್ಯಾಟರಿ ವಾರಂಟಿ ಮೊದಲ ಮಾಲೀಕರಿಗೆ ಮಾತ್ರ. ಇನ್ನು, ಹಳೆಯ ಎಲೆಕ್ಟ್ರಿಕ್ ಕಾರಿನ ಪೂರ್ತಿ ಬೆಲೆಗೆ ಶೇ. 18 ಜಿಎಸ್‌ಟಿ ಕಟ್ಟಬೇಕು ಎಂಬ ವಾಟ್ಸಾಪ್ ಸಂದೇಶ 2024ರ ಡಿಸೆಂಬರ್‌ನಿಂದ ಓಡಾಡುತ್ತಿದೆ. ಅದು ಸುಳ್ಳು. ಆ ತೆರಿಗೆ ವ್ಯಾಪಾರಿಯ ಲಾಭದ ಅಂತರದ ಮೇಲೆ ಮಾತ್ರ. ಮನೆಯ ಕಾರನ್ನು ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ನೇರವಾಗಿ ಮಾರಿದರೆ ಜಿಎಸ್‌ಟಿ ಇಲ್ಲ.